ಬಿದ್ದವರ ಹೆಸರಿಗೆ ಒಂದು ಗುಟುಕು

ಟಿವಿ ನೋಡುತ್ತಾ ಆಡುವ ಕುಡಿತದ ಆಟಕ್ಕೆ ಜಾಸ್ತಿ ಏನೂ ಬೇಕಿಲ್ಲ. ಪ್ರತಿ ವಾರ ಒಂದೇ ಥರ ನಡೆಯುವ ಕಾರ್ಯಕ್ರಮ ಇರಬೇಕು. ಯಾವಾಗ ಗುಟುಕು ಹಾಕಬೇಕು ಅಂತ ಮೊದಲೇ ಒಪ್ಪಿಕೊಂಡ ನಾಲ್ಕು ನಿಯಮ ಇರಬೇಕು. ಅಮೆರಿಕದ ಕಾಲೇಜು ಹುಡುಗರಿಗೆ ಇದು ಹಳೆಯ ಸಂಗತಿ. ಅಲ್ಲಿ 1970ರ ದಶಕದಲ್ಲಿ 'ದಿ ಬಾಬ್ ನ್ಯೂಹಾರ್ಟ್ ಶೋ' ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಯಾರಾದರೂ 'ಹಾಯ್ ಬಾಬ್' ಅಂದ ಕೂಡಲೇ ನೋಡುತ್ತಿದ್ದವರೆಲ್ಲ ಕುಡಿಯಬೇಕು. ಅಷ್ಟೇ ಆಟ. ಆಮೇಲೆ ಹೆಚ್ಚುಕಡಿಮೆ ಎಲ್ಲ ಕಾರ್ಯಕ್ರಮಕ್ಕೂ ಯಾರೋ ಒಬ್ಬರು ಇಂಥ ನಿಯಮ ಕಟ್ಟಿದರು. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು, ನಾನು ಮನಸ್ಸಿಟ್ಟು ಆಡಿದ್ದು, ಎಂಎಕ್ಸ್‌ಸಿ ನೋಡುತ್ತಾ ಆಡುವ ಆಟ.

ಎಂಎಕ್ಸ್‌ಸಿ ಅಂದರೆ 'ಮೋಸ್ಟ್ ಎಕ್ಸ್‌ಟ್ರೀಮ್ ಎಲಿಮಿನೇಷನ್ ಚಾಲೆಂಜ್'. ಅಮೆರಿಕದ ಸ್ಪೈಕ್ ಟಿವಿಯಲ್ಲಿ 2003ರಿಂದ 2007ರವರೆಗೆ ಬಂತು. ಅದರ ಚಿತ್ರವೆಲ್ಲ ಜಪಾನಿನದು. 1986ರಿಂದ 1990ರವರೆಗೆ ಅಲ್ಲಿನ ಟಿಬಿಎಸ್ ಚಾನೆಲ್ಲಿನಲ್ಲಿ ಬಂದ 'ತಕೇಶೀಸ್ ಕ್ಯಾಸಲ್' ಅದು. ನಮ್ಮಲ್ಲಿ ಪೋಗೋ ಚಾನೆಲ್ ನೋಡಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಹೆಲ್ಮೆಟ್ ಹಾಕಿಕೊಂಡ ಜನ ಕೆರೆಯ ಕಲ್ಲಿನ ಮೇಲೆ ಓಡಿ ನೀರಿಗೆ ಬೀಳುತ್ತಾರಲ್ಲ, ಅದೇ. ಆದರೆ ಎಂಎಕ್ಸ್‌ಸಿಯಲ್ಲಿ ಮಾತು ಪೂರಾ ಬೇರೆ. ಜಪಾನಿ ಮಾತನ್ನು ಅವರು ಅನುವಾದ ಮಾಡಲಿಲ್ಲ. ಚಿತ್ರ ಇಟ್ಟುಕೊಂಡು ದನಿ ತೆಗೆದರು. ಬಾಯಿ ಅಲ್ಲಾಡುವ ಕಡೆಯೆಲ್ಲ ತಮ್ಮದೇ ಮಾತು ತುಂಬಿದರು.

ಹಾಗಾಗಿ ಕೋಟೆಯ ದೊರೆಯಾಗಿ ಕೂತ ತಕೇಶಿ ಕಿತಾನೋ ಇಲ್ಲಿ ವಿಕ್ ರೊಮಾನೋ ಎಂಬ ಗಂಭೀರ ಕ್ರೀಡಾ ನಿರೂಪಕ. ಪಕ್ಕದಲ್ಲಿ ಕೂತ ಸಹಾಯಕ ಕೆನ್ನಿ ಬ್ಲ್ಯಾಂಕೆನ್‌ಶಿಪ್ ಎಂಬ ಬಾಯಿಬಡುಕ. ಮೈದಾನದಲ್ಲಿ ಮೈಕು ಹಿಡಿದು ಓಡಾಡುವವನು ಗೀ ಲಡೂಶ್. ಜನರನ್ನು ಕೋಟೆಯ ಕಡೆ ನುಗ್ಗಿಸುವ ಸೇನಾಪತಿ ಕ್ಯಾಪ್ಟನ್ ಟೆನೀಲ್. ಪ್ರತಿ ಕಂತಿನಲ್ಲೂ ಸ್ಪರ್ಧಿಗಳನ್ನು ಎರಡು ತಂಡ ಮಾಡಿ, ಈ ಕಸುಬಿನವರಿಗೂ ಆ ಕಸುಬಿನವರಿಗೂ ಪೈಪೋಟಿ ಅನ್ನುತ್ತಾರೆ. ಪ್ರತಿ ಸ್ಪರ್ಧಿಗೂ ಒಂದು ಸುಳ್ಳು ಹೆಸರು, ಒಂದು ಸುಳ್ಳು ಕೆಲಸ. ಕೊನೆಗೆ ಆವತ್ತಿನ ಹತ್ತು ಜೋರು ಬೀಳುವಿಕೆಗಳನ್ನು ಹತ್ತರಿಂದ ಒಂದಕ್ಕೆ ಎಣಿಸಿ ತೋರಿಸುತ್ತಾರೆ. 'ಡೋಂಟ್ ಗೆಟ್ ಎಲಿಮಿನೇಟೆಡ್!' ಅಂತ ಕೂಗಿ ಮುಗಿಸುತ್ತಾರೆ.

ಇಷ್ಟು ಕಟ್ಟುನಿಟ್ಟಾಗಿ ಒಂದೇ ಅಚ್ಚಿನಲ್ಲಿ ಬರುವ ಕಾರ್ಯಕ್ರಮಕ್ಕೆ ಕುಡಿತದ ಆಟ ಹುಟ್ಟದೇ ಇರುತ್ತಾ?

ನಾನು ಆಗ ಅಮೆರಿಕದ ಮಧ್ಯಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ಚಳಿಗಾಲ ಉದ್ದ, ದುಡ್ಡು ಕಮ್ಮಿ, ಕೇಬಲ್ ಟಿವಿ ಬಾಡಿಗೆಯಲ್ಲೇ ಸೇರಿತ್ತು. ಮನೆಯಲ್ಲಿ ನನ್ನ ಜೊತೆ ಮೈಸೂರಿನ ಗೆಳೆಯನೊಬ್ಬ, ತಿಪಟೂರಿನ ಗೆಳೆಯನೊಬ್ಬ. ತಿಪಟೂರಿನವನು ಕುಡಿಯುವವನೇ ಅಲ್ಲ. ಶುಕ್ರವಾರ, ಶನಿವಾರ ಸಂಜೆ ತರಗತಿಯ ಅಮೆರಿಕನ್ ಹುಡುಗ ಹುಡುಗಿಯರು ಬರುತ್ತಿದ್ದರು. ಆಟ ತಂದದ್ದು ಅವರು. ನಾವು ಅದರ ಮೇಲೆ ಕೂತು ಚರ್ಚೆ ಮಾಡಿ ನಿಯಮ ತಿದ್ದಿದೆವು. ಈ ತಿದ್ದುವ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದು ಅಂತ ಈಗಲೂ ಅನಿಸುತ್ತದೆ.

ಅವರು ತಂದ ನಿಯಮಗಳೆಲ್ಲ ಮಾತಿಗೆ ಸಂಬಂಧಿಸಿದ್ದವು. ಕೆನ್ನಿ ಏನೋ ಒಂದು ಒಗೆಯುತ್ತಾನೆ, ವಿಕ್ ಅದಕ್ಕೆ 'ರೈಟ್ ಯೂ ಆರ್, ಕೆನ್' ಅನ್ನುತ್ತಾನೆ. ಆಗ ಒಂದು ಗುಟುಕು. 'ಇಂಪ್ಯಾಕ್ಟ್ ರೀಪ್ಲೇ' ಅಂತ ಒಂದು ಬೀಳುವಿಕೆಯನ್ನು ನಿಧಾನವಾಗಿ ಮತ್ತೆ ತೋರಿಸುತ್ತಾರೆ. ಆಗ ಒಂದು. ಸ್ಪರ್ಧಿಯ ಹೆಸರಿನ ಕೊನೆಗೆ 'ಬಾಬಾಗನೂಶ್' ಬಂದರೆ ಎರಡು. ಅದು ಅವರಿಗೆ ಪ್ರಿಯವಾದ ಅಡ್ಡಹೆಸರು, ಆಗಾಗ ಯಾರಿಗಾದರೂ ಅಂಟಿಸುತ್ತಿದ್ದರು. ಕೊನೆಯ 'ಡೋಂಟ್ ಗೆಟ್ ಎಲಿಮಿನೇಟೆಡ್'ಗೆ ಲೋಟದಲ್ಲಿ ಉಳಿದಿದ್ದೆಲ್ಲ ಖಾಲಿ.

ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. ಕಿವಿ ಚುರುಕಾಗುತ್ತದೆ. ನನ್ನಂಥ ಹೊರಗಿನವನಿಗೆ ಅಮೆರಿಕನ್ನರ ಕ್ರೀಡಾ ನಿರೂಪಣೆಯ ಠೀವಿ, ಅದನ್ನು ಅಣಕಿಸುವ ರೀತಿ, ಎಲ್ಲಿ ಒತ್ತಿ ಹೇಳುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಎಲ್ಲ ಈ ಆಟದಲ್ಲೇ ಕಿವಿಗೆ ಬಿತ್ತು. ತರಗತಿಯಲ್ಲಿ ಯಾರೂ ಹೇಳಿಕೊಡುವ ವಿಷಯ ಅಲ್ಲ ಅದು. ಪಕ್ಕದವನು ನಗುವ ಮೊದಲೇ ನಾನು ಲೋಟ ಎತ್ತಿದ ಸಂಜೆ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಆದರೆ ಮಾತಿಗೆ ಕಟ್ಟಿದ ನಿಯಮಕ್ಕೆ ಒಂದು ಮಿತಿ ಇದೆ. ಕಾರ್ಯಕ್ರಮ ಬರೆಯುವವರು ಮೊದಲೇ ಎಲ್ಲ ತೀರ್ಮಾನ ಮಾಡಿಬಿಟ್ಟಿರುತ್ತಾರೆ. 'ರೈಟ್ ಯೂ ಆರ್' ಬಂದೇ ಬರುತ್ತದೆ. ಅದರಲ್ಲಿ ಪಂಥ ಇಲ್ಲ, ಎದೆ ಡವಗುಟ್ಟುವುದಿಲ್ಲ. ಬರುವುದು ಗೊತ್ತಿರುವ ಬಸ್ಸಿಗೆ ನಿಲ್ದಾಣದಲ್ಲಿ ಕಾದ ಹಾಗೆ. ಜೊತೆಗೆ ಲೆಕ್ಕದ ಪ್ರಶ್ನೆಯೂ ಇದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ನಾನು ಬಿಡುವುದಿಲ್ಲ.

ಅಮೆರಿಕದ ಒಂದು ಕ್ಯಾನ್ ಬಿಯರ್ ಅಂದರೆ 355 ಮಿಲಿಲೀಟರ್. ಶೇ. 5ರ ಬಿಯರ್ ಆದರೆ ಅದರಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್. ಅಲ್ಲಿ ಇದನ್ನೇ ಒಂದು 'ಸ್ಟ್ಯಾಂಡರ್ಡ್ ಡ್ರಿಂಕ್' ಅಂತ ಎಣಿಸುತ್ತಾರೆ. ಎರಡು ಗಂಟೆಯಲ್ಲಿ ಗಂಡಸರು ಐದು, ಹೆಂಗಸರು ನಾಲ್ಕು ಇಂಥವನ್ನು ಕುಡಿದರೆ ಅದು ಮಿತಿ ಮೀರಿದ ಕುಡಿತ ಅನ್ನುತ್ತಾರೆ ಅಲ್ಲಿನ ಆರೋಗ್ಯ ಸಂಸ್ಥೆಯವರು. ಎಂಎಕ್ಸ್‌ಸಿಯ ಒಂದು ಕಂತು ಜಾಹೀರಾತು ಸೇರಿ ಅರ್ಧ ಗಂಟೆ. ಒಂದು ಗುಟುಕು 20 ಮಿಲಿಲೀಟರ್ ಅಂತ ಇಟ್ಟುಕೊಂಡರೆ ಒಂದು ಕ್ಯಾನಿಗೆ ಹದಿನೇಳು ಹದಿನೆಂಟು ಗುಟುಕು. ಕಂತಿಗೆ ಒಂದು ಕ್ಯಾನ್ ಅಂದರೂ ನಾಲ್ಕು ಕಂತಿಗೆ, ಅಂದರೆ ಎರಡು ಗಂಟೆಗೆ, ನಾಲ್ಕು ಕ್ಯಾನ್. ಹೆಂಗಸರಿಗೆ ಅದು ಆಗಲೇ ಗೆರೆ, ಗಂಡಸರಿಗೆ ಗೆರೆಯ ಅಂಚು. ಇನ್ನು 'ಯಾರು ಬಿದ್ದರೂ ಒಂದು ಗುಟುಕು' ಅಂತ ನಿಯಮ ಮಾಡಿದಿರೋ, ಕಥೆ ಮುಗಿಯಿತು. ಇದು ಬೀಳುವುದೇ ಮುಖ್ಯವಾದ ಕಾರ್ಯಕ್ರಮ. ಮೊದಲ ಜಾಹೀರಾತು ಬರುವ ಮೊದಲೇ ಕ್ಯಾನ್ ಖಾಲಿಯಾಗಿ, ಎರಡನೇ ಕಂತಿನ ಹೊತ್ತಿಗೆ ಟಿವಿಯಲ್ಲಿ ಏನು ನಡೆಯುತ್ತಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ನೋಡುವ ಆಟದಲ್ಲಿ ನೋಡುವುದೇ ನಿಂತುಹೋದರೆ ಏನು ಸುಖ?

ನಾವು ಕಂತಿಗೆ ಅರ್ಧ ಕ್ಯಾನ್ ಅಂತ ಮಿತಿ ಹಾಕಿಕೊಂಡೆವು. ಎಂಟೊಂಬತ್ತು ಗುಟುಕು. ಹಾಗಾದರೆ ನಿಯಮಗಳು ಅಪರೂಪದ್ದಾಗಬೇಕು, ಮೊದಲೇ ಊಹಿಸಲು ಆಗದಂಥವಾಗಬೇಕು. ಇಲ್ಲಿಂದ ನಮ್ಮ ಕಣ್ಣು ಮಾತಿನಿಂದ ಚಿತ್ರದ ಕಡೆ ತಿರುಗಿತು.

ಆ ತಿರುವಿಗೆ ನನ್ನ ಲ್ಯಾಬಿನ ಜಪಾನಿ ಸಹಪಾಠಿಯೂ ಕಾರಣ. ಚಿಕ್ಕ ಹುಡುಗನಾಗಿದ್ದಾಗ ಮೂಲ ಕಾರ್ಯಕ್ರಮವನ್ನು ಶುಕ್ರವಾರ ರಾತ್ರಿ 8 ಗಂಟೆಗೆ ಮನೆಮಂದಿಯ ಜೊತೆ ಕೂತು ನೋಡಿದವನು. ಒಂದು ಸಂಜೆ ನಮ್ಮ ಜೊತೆ ಬಂದು ಕೂತ. ನಾವು ನಗುವ ಕಡೆ ಅವನು ನಗುತ್ತಿರಲಿಲ್ಲ. ನಾವು ಸುಮ್ಮನಿದ್ದ ಕಡೆ ಜೋರಾಗಿ ನಗುತ್ತಿದ್ದ. ಅವನು ನೋಡುತ್ತಿದ್ದದ್ದೇ ಬೇರೆ ಕಾರ್ಯಕ್ರಮ. ಬಿಡುವು ಸಿಕ್ಕಾಗಲೆಲ್ಲ ಅದರ ಬಗ್ಗೆ ಹೇಳತೊಡಗಿದ. ಆಮೇಲೆ ನಾನೂ ಹುಡುಕಿ ಓದಿದೆ.

ಮೂಲದಲ್ಲಿ ಎರಡು ತಂಡ ಇಲ್ಲವೇ ಇಲ್ಲ. ನೂರಕ್ಕೂ ಹೆಚ್ಚು ಜನ ಸಾಮಾನ್ಯರು ಒಂದೇ ಸೈನ್ಯ. ಅವರ ಎದುರು ಒಂದು ಕೋಟೆ, ಕೋಟೆಯೊಳಗೆ ಒಬ್ಬ ತುಂಟ ದೊರೆ. ಯೊಕೊಹಾಮಾದ ಮಿದೊರಿಯಾಮಾ ಸ್ಟುಡಿಯೋದ ಬಯಲಿನಲ್ಲಿ ಈ ಕೋಟೆ, ಕೆರೆ, ಗುಡ್ಡ ಎಲ್ಲ ಕಟ್ಟಿದ್ದರು. ಸೇನಾಪತಿ ಹಯಾತೋ ತಾನಿ ಎಂಬ ನಟ. ಅವನ ಕೂಗಿಗೆ ಇಡೀ ಗುಂಪು ಓಡುತ್ತದೆ, ಮೊದಲ ಗೋಡೆಯಲ್ಲೇ ಒಂದಷ್ಟು ಜನ ಉದುರುತ್ತಾರೆ. ಪ್ರತಿ ಹಂತದಲ್ಲೂ ಸಂಖ್ಯೆ ಇಳಿಯುತ್ತಾ ಕೊನೆಗೆ ಬೆರಳೆಣಿಕೆಯ ಮಂದಿ ಉಳಿಯುತ್ತಾರೆ. ಆಗ ತಾನಿ ಅವರ ಮುಂದೆ ನಿಂತು, ಇಷ್ಟು ದೂರ ಉಳಿದು ಬಂದಿರಲ್ಲ, ಭಲೇ ನನ್ನ ವೀರರೇ, ಅಂತ ಹೊಗಳುತ್ತಾನೆ. ಜಪಾನಿನಲ್ಲಿ ಆ ಮಾತು ಎಲ್ಲರ ಬಾಯಲ್ಲೂ ಇತ್ತಂತೆ. ಅದನ್ನು ಹೇಳುವಾಗ ನನ್ನ ಸಹಪಾಠಿ ಎದ್ದು ನಿಂತು ಎದೆಯುಬ್ಬಿಸಿ ಹೇಳಿದ. ಆಮೇಲೆ ಉಳಿದವರು ಪುಟ್ಟ ಗಾಡಿಗಳಲ್ಲಿ ಕೂತು ನೀರಿನ ಬಂದೂಕು ಹಿಡಿದು ದೊರೆಯ ಗಾಡಿಯ ಮೇಲೆ ಯುದ್ಧಕ್ಕೆ ಹೋಗುತ್ತಾರೆ. ಗೆದ್ದರೆ 10 ಲಕ್ಷ ಯೆನ್. ಗೆಲ್ಲುವುದು ತೀರಾ ಅಪರೂಪ.

ಇದು ಗೊತ್ತಾದ ಮೇಲೆ ನನಗೆ ಕಾರ್ಯಕ್ರಮ ಬೇರೆಯಾಗಿ ಕಾಣಿಸತೊಡಗಿತು. ಮೂಲದಲ್ಲಿ ಒಬ್ಬ ಬಿದ್ದರೆ ಅದು ಎಲ್ಲರ ನಷ್ಟ. ದಡದಲ್ಲಿ ಸರದಿ ಕಾಯುತ್ತಿರುವವರು ಕೈಯೆತ್ತಿ ಕೂಗುವುದು ಎದುರಾಳಿ ಬಿದ್ದನಲ್ಲ ಅಂತ ಅಲ್ಲ, ತಮ್ಮವನು ದಾಟಲಿ ಅಂತ. ಡಬ್ ಮಾಡಿದವರು ದನಿ ತೆಗೆಯಬಹುದು, ಹೆಸರು ಬದಲಾಯಿಸಬಹುದು, ತಂಡ ಒಡೆಯಬಹುದು. ಹಿಂದೆ ನಿಂತವರ ಮುಖವನ್ನು ಮಾತ್ರ ಏನೂ ಮಾಡಲಾಗದು. ಅದು ಹಾಗೇ ಉಳಿದಿದೆ, ನೋಡುವವರು ಬೇಕಷ್ಟೆ.

ನಮ್ಮ ಹೊಸ ನಿಯಮಗಳು ಇಲ್ಲಿಂದ ಹುಟ್ಟಿದವು.

ಎಲ್ಲಕ್ಕಿಂತ ಚೆನ್ನಾಗಿ ಕೂತ ನಿಯಮ ಕಲ್ಲು ದಾಟುವ ಆಟಕ್ಕೆ ಮಾಡಿದ್ದು. ಎಂಎಕ್ಸ್‌ಸಿಯಲ್ಲಿ ಅದಕ್ಕೆ 'ಸಿಂಕರ್ಸ್ ಅಂಡ್ ಫ್ಲೋಟರ್ಸ್' ಅಂತ ಹೆಸರು. ಕೆರೆಯ ತುಂಬ ಕಲ್ಲಿನಂತೆ ಕಾಣುವ ಗುಂಡುಗಳು. ಕೆಲವು ಗಟ್ಟಿ, ಕೆಲವು ಸುಮ್ನೆ ತೇಲುತ್ತಿರುವವು. ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗದು. ಸ್ಪರ್ಧಿ ದಡದಲ್ಲಿ ನಿಂತಾಗ, ಓಡುವ ಮೊದಲು, ನಮ್ಮಲ್ಲೊಬ್ಬರು ಅವರನ್ನು ತಮ್ಮವರು ಅಂತ ಆರಿಸಿಕೊಳ್ಳಬೇಕು. ಬಿದ್ದರೆ ಆರಿಸಿಕೊಂಡವರು ಕುಡಿಯಬೇಕು. ದಾಟಿದರೆ ಉಳಿದವರೆಲ್ಲ ಕುಡಿಯಬೇಕು. ಎಷ್ಟು ಸರಳ ನೋಡಿ. ಆದರೆ ಇದಾದ ಮೇಲೆ ಮನೆಯಲ್ಲಿ ವಿಕ್ ಏನು ಹೇಳಿದ, ಕೆನ್ನಿ ಏನು ಹೇಳಿದ ಅಂತ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎಲ್ಲರ ಕಣ್ಣೂ ಸ್ಪರ್ಧಿಯ ಕಾಲಿನ ಮೇಲೆ. ಯಾರು ಒಂದೇ ಉಸಿರಿಗೆ ಓಡುತ್ತಾರೆ, ಯಾರು ಮೂರನೇ ಕಲ್ಲಿನ ಮೇಲೆ ನಿಂತು ಯೋಚಿಸುತ್ತಾರೆ ಅಂತ ಕಲಿತೆವು. ನಿಂತವರು ಬೀಳುವುದೇ ಜಾಸ್ತಿ. ಮೈಸೂರಿನ ಗೆಳೆಯ ದಪ್ಪಗಿರುವವರನ್ನೇ ಆರಿಸುತ್ತಿದ್ದ. ಅವರಿಗೆ ಹೆದರಿಕೆ ಕಮ್ಮಿ ಅಂತ ಅವನ ವಾದ. ತಿಪಟೂರಿನವನು ನಿಂಬೆ ಷರಬತ್ತಿನ ಲೋಟ ಹಿಡಿದು ಕೂತು, ಓಡುವ ಮೊದಲು ಕ್ಯಾಮೆರಾಗೆ ನಮಸ್ಕಾರ ಮಾಡಿದವರನ್ನು ಆರಿಸುತ್ತಿದ್ದ. ನಮ್ಮೆಲ್ಲರಲ್ಲಿ ಹೆಚ್ಚು ಸಲ ಗೆಲ್ಲುತ್ತಿದ್ದವನು ಅವನೇ. ಅವನೊಬ್ಬನೇ ಪೂರ್ತಿ ಎಚ್ಚರವಾಗಿರುತ್ತಿದ್ದ ಅನ್ನುವುದೂ ಕಾರಣವಿರಬಹುದು.

ಬಾಗಿಲಿಗೆ ನುಗ್ಗುವ ಆಟ, ಅವರ ಹೆಸರಲ್ಲಿ 'ವಾಲ್ ಬ್ಯಾಂಗರ್ಸ್', ಕೂಡ ಹೀಗೇ ಚೆನ್ನಾಗಿ ಒಗ್ಗುತ್ತದೆ. ಸಾಲು ಸಾಲು ಗೋಡೆ, ಪ್ರತಿ ಗೋಡೆಗೂ ಕೆಲವು ಬಾಗಿಲು. ಕೆಲವಕ್ಕೆ ಬರೀ ಕಾಗದ, ಕೆಲವಕ್ಕೆ ಹಿಂದೆ ಗಟ್ಟಿ ತಡೆ. ಪೂರ್ತಿ ವೇಗದಲ್ಲಿ ಓಡಿ ಬಂದು ಮೈಯನ್ನೇ ಎಸೆಯಬೇಕು. ಸ್ಪರ್ಧಿ ಓಡಿ ಬರುವಷ್ಟರಲ್ಲಿ 'ಎಡ', 'ಬಲ' ಅಂತ ಕೂಗಿ ಬಾಗಿಲು ಆರಿಸುವುದು ನಮ್ಮ ನಿಯಮ. ನಾವು ಹೇಳಿದ ಬಾಗಿಲು ತಡೆಯಾಗಿದ್ದರೆ ಗುಟುಕು. ತೂಗುಸೇತುವೆಯ ಆಟ ಇನ್ನೂ ಚೆಂದ. ಎಸೆದ ಚಿನ್ನದ ಬಣ್ಣದ ಚೆಂಡು ಹಿಡಿದು ತೂಗಾಡುವ ಸೇತುವೆ ದಾಟಬೇಕು. ಪಕ್ಕದಿಂದ ಕಾವಲುಗಾರರು ಫಿರಂಗಿಯಿಂದ ಚೆಂಡು ಹೊಡೆಯುತ್ತಾರೆ. ಅಲ್ಲಿ ಯಾರಾದರೂ ದಾಟಿದರೆ ನಾವು ಕುಡಿಯುತ್ತಿರಲಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು, ಕೂತೇ ಇದ್ದವರು ಮಾತ್ರ ಕುಡಿಯಬೇಕು. ಆ ಚಪ್ಪಾಳೆ ನಿಜವಾದ ಚಪ್ಪಾಳೆ. ಎಷ್ಟೋ ವರ್ಷ ಹಿಂದೆ ಯೊಕೊಹಾಮಾದಲ್ಲಿ ಆ ಸೇತುವೆ ದಾಟಿದ ಯಾರೋ ಒಬ್ಬರಿಗೆ ನಾವು ಮನಸಾರೆ ಹೊಡೆಯುತ್ತಿದ್ದೆವು.

ಇನ್ನೊಂದು ನಿಯಮ ನನ್ನದು. ಬಿದ್ದವರು ನೀರಿನಿಂದ ಎದ್ದು ನಕ್ಕರೆ, ಕೈಬೀಸಿದರೆ, ಅಥವಾ ತಲೆ ಬಾಗಿಸಿದರೆ ಎಲ್ಲರೂ ಒಂದು ಗುಟುಕು ಹಾಕಬೇಕು. ಅಮೆರಿಕನ್ ಗೆಳೆಯರು ಮೊದಲು ಒಪ್ಪಲಿಲ್ಲ, ಅಷ್ಟರಲ್ಲಿ ದೃಶ್ಯ ಬದಲಾಗಿಬಿಡುತ್ತದೆ ಅಂದರು. ಅದೇ ನಿಯಮದ ಚೆಲುವು. ಕತ್ತರಿಸುವವರು ಬಿದ್ದ ಕ್ಷಣಕ್ಕೇ ಮುಂದೆ ಹೋಗುತ್ತಾರೆ. ಎದ್ದು ನಗುವುದು ಅಂಚಿನಲ್ಲಿ ಅರೆಕ್ಷಣ ಮಾತ್ರ ಕಾಣುತ್ತದೆ. ಅದನ್ನು ಹಿಡಿಯಬೇಕು ಅಂದರೆ ನಿಜವಾಗಿ ನೋಡಬೇಕು. ಕೆಲವೇ ವಾರದಲ್ಲಿ ಅವರೇ ನನಗಿಂತ ಮೊದಲು 'ನಗು!' ಅಂತ ಕೂಗತೊಡಗಿದರು.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಎಂಎಕ್ಸ್‌ಸಿಯ ಜೋಕುಗಳಲ್ಲಿ ದೊಡ್ಡ ಪಾಲು ಅಶ್ಲೀಲ. ಹೆಣ್ಣುಮಕ್ಕಳು ಓಡಿದರೆ ಅವರ ಮೈಯ ಬಗ್ಗೆ ಮಾತು. ಗೀ ಲಡೂಶ್ ಪಾತ್ರದ ಕೆಲಸವೇ ಅದು. ಆ ಹುಡುಗಿಯರು ಹಾಗೆ ಒಂದು ಮಾತೂ ಆಡಿರಲಿಲ್ಲ. ಅವರ ಬಾಯಿಗೆ ಆ ಮಾತು ತುರುಕಿದ್ದು ಬೇರೆಯವರು, ಅದೂ ಹದಿನೈದು ವರ್ಷ ಕಳೆದ ಮೇಲೆ, ಅವರಿಗೆ ತಿಳಿಯದ ದೇಶದಲ್ಲಿ. ನನಗೆ ಇದು ಆಗಲೂ ಸಹಿಸಲಾಗಲಿಲ್ಲ, ಈಗಲೂ ಆಗುವುದಿಲ್ಲ. ನಮ್ಮ ಜೊತೆ ಆಡುತ್ತಿದ್ದ ಹುಡುಗಿಯೊಬ್ಬಳು ಇದಕ್ಕೆ ಒಂದು ನಿಯಮ ಸೂಚಿಸಿದಳು. ಅಂಥ ಜೋಕಿಗೆ ಯಾರೂ ಲೋಟ ಮುಟ್ಟುವಂತಿಲ್ಲ, ಅದರ ಜೊತೆ ಬೇರೆ ಯಾವ ನಿಯಮ ಬಂದರೂ ಲೆಕ್ಕಕ್ಕಿಲ್ಲ. ನಾವೆಲ್ಲ ಒಪ್ಪಿದೆವು. ಬಹುಮಾನ ಇಲ್ಲದ ಕಡೆ ಗಮನ ತಾನಾಗಿ ಕಮ್ಮಿಯಾಗುತ್ತದೆ. ಕೆಲವು ವಾರದ ಮೇಲೆ ಆ ಮಾತುಗಳು ಕಿವಿಗೇ ಬೀಳುತ್ತಿರಲಿಲ್ಲ.

ಹಾಗಂತ ಡಬ್ ಮಾಡಿದವರ ಕೆಲಸವನ್ನು ಕೀಳಾಗಿ ನೋಡಲು ನನಗೆ ಇಷ್ಟವಿಲ್ಲ. ಅದರ ಕಷ್ಟ ಬೇರೆಯೇ. ಸಾಮಾನ್ಯ ಹಾಸ್ಯದಲ್ಲಿ ಮೊದಲು ಜೋಕು, ಆಮೇಲೆ ನಗು. ಇಲ್ಲಿ ನಗು ಮೊದಲೇ ಚಿತ್ರದಲ್ಲಿ ಇದೆ. ತಕೇಶಿ ಯಾವುದಕ್ಕೋ ತಲೆ ಹಿಂದೆ ಹಾಕಿ ನಗುತ್ತಾನೆ. ಆ ನಗುವಿಗೆ ಮೂರು ಸೆಕೆಂಡು ಮುಂಚೆ, ಬಾಯಿ ಅಲ್ಲಾಡುವ ಅಳತೆಗೆ ಸರಿಯಾಗಿ, ನಗು ಬರಿಸುವ ಮಾತು ಹೊಸದಾಗಿ ಕಟ್ಟಬೇಕು. 1966ರಲ್ಲಿ ಅಮೆರಿಕದ ನಿರ್ದೇಶಕ ವುಡಿ ಅಲೆನ್ ಒಂದು ಜಪಾನಿ ಗೂಢಚಾರಿ ಸಿನಿಮಾಗೆ ಹೀಗೆ ಬೇರೆ ಮಾತು ತುಂಬಿದ್ದರು. ಆದರೆ ಅದು ಒಂದು ಸಿನಿಮಾ. ಇವರು ಇದನ್ನು ವರ್ಷಗಟ್ಟಲೆ, ಕಂತಿನ ಮೇಲೆ ಕಂತು ಮಾಡಿದರು. ಕೆನ್ನಿಯ ಮಾತು ಆ ಮನುಷ್ಯನ ಭುಜ ಕುಣಿಯುವ ರೀತಿಗೆ ಎಷ್ಟು ಹೊಂದುತ್ತದೆ ಅಂದರೆ ಅವನು ನಿಜಕ್ಕೂ ಹಾಗೇ ಅಂದನೇನೋ ಅನಿಸುತ್ತದೆ. ಬಾಯಿ ನಿಂತ ಮೇಲೂ ಮಾತು ಮುಂದುವರಿದರೆ, ಅಥವಾ ಮಾತು ನಿಂತ ಮೇಲೂ ಬಾಯಿ ಅಲ್ಲಾಡಿದರೆ ಒಂದು ಗುಟುಕು ಅಂತ ನಿಯಮ ಮಾಡಿದ್ದೆವು. ಆ ಗುಟುಕು ಸಿಗುವುದು ಅಪರೂಪವಾಗಿತ್ತು. ಅವರ ಕೈಚಳಕಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಚಿತ್ರದೊಳಗಿನ ಮನುಷ್ಯರು ಯಾರು ಅಂತ ಓದಿದ ಮೇಲೆ ನೋಡುವ ಸುಖ ಇನ್ನೂ ಹೆಚ್ಚಾಯಿತು. ವಿಕ್ ಅಂತ ಅಮೆರಿಕದ ಹುಡುಗರು ಕರೆಯುತ್ತಿದ್ದ ತಕೇಶಿ ಕಿತಾನೋ ಜಪಾನಿನ ದೊಡ್ಡ ಹಾಸ್ಯನಟ, ಆಮೇಲೆ ದೊಡ್ಡ ಸಿನಿಮಾ ನಿರ್ದೇಶಕ. 1997ರಲ್ಲಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಅವರಿಗೆ ಬಂತು. 1986ರ ಡಿಸೆಂಬರಿನಲ್ಲಿ, ಕೋಟೆಯ ಕಾರ್ಯಕ್ರಮ ನಡೆಯುತ್ತಿದ್ದಾಗಲೇ, ಅವರೂ ಅವರ ಶಿಷ್ಯರೂ ಒಂದು ವಾರಪತ್ರಿಕೆಯ ಕಚೇರಿಗೆ ನುಗ್ಗಿ ಗಲಾಟೆ ಮಾಡಿದರು. ಅದಾದ ಮೇಲೆ ಸ್ವಲ್ಪ ಕಾಲ ಟಿವಿಯಿಂದ ದೂರ ಇರಬೇಕಾಯಿತು. ಆ ದಿನಗಳಲ್ಲಿ ದೊರೆಯ ಜಾಗದಲ್ಲಿ ತಕೇಶಿಯ ಮುಖದ ದೊಡ್ಡ ತಲೆ ಹಾಕಿಕೊಂಡ ವೇಷಧಾರಿ ಕೂರುತ್ತಿದ್ದ. ಗೀ ಲಡೂಶ್ ಆಗಿ ಕಾಣುವ ಜುಂಜಿ ಇನಾಗಾವಾ ಜಪಾನಿನಲ್ಲಿ ಈಗ ದೆವ್ವದ ಕಥೆ ಹೇಳುವುದಕ್ಕೆ ಹೆಸರುವಾಸಿ. ಕೆನ್ನಿಯಾಗಿ ಕಾಣುವ ಸೊನೊಮಾನ್ಮಾ ಹಿಗಾಶಿಯ ಕಥೆ ಎಲ್ಲಕ್ಕಿಂತ ವಿಚಿತ್ರ. 2007ರಲ್ಲಿ ಅವರು ಮಿಯಾಝಾಕಿ ಪ್ರಾಂತ್ಯದ ಗವರ್ನರ್ ಆಗಿ ಚುನಾವಣೆ ಗೆದ್ದರು. ಅಮೆರಿಕದ ಟಿವಿಯಲ್ಲಿ ಅವರ ಮುಖ ಕೆನ್ನಿಯ ಮಾತು ಆಡುತ್ತಿದ್ದ ಕೊನೆಯ ವರ್ಷವೂ ಅದೇ. ಒಂದು ಕಡೆ ಅದೇ ಮುಖ ಪ್ರಾಂತ್ಯದ ಆಡಳಿತ ನಡೆಸುತ್ತಿದೆ, ಇನ್ನೊಂದು ಕಡೆ ಬೀಳುವವರನ್ನು ಕಂಡು ಕುಣಿಯುತ್ತಿದೆ. ಇದನ್ನು ಓದಿದ ದಿನ ಬೇರೆ ಬೇರೆ ಊರಿಗೆ ಹೋಗಿದ್ದ ಹಳೆಯ ಗೆಳೆಯರಿಗೆಲ್ಲ ಮೇಲ್ ಮಾಡಿದೆ.

ಇವರೆಲ್ಲ ಹೆಸರಾಂತರು, ಅವರ ಕಥೆ ಓದಲು ಸಿಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಹೆಸರು ಸಿಗದ ಸ್ಪರ್ಧಿಗಳು. ಒಂದೇ ಬೀಳುವಿಕೆಯನ್ನು ಎಂಎಕ್ಸ್‌ಸಿ ಬೇರೆ ಬೇರೆ ಕಂತಿನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಳಸುತ್ತಿತ್ತು. ಇವತ್ತು ದಂತವೈದ್ಯ ಅಂತ ಬಿದ್ದವನು ಇನ್ನೊಂದು ವಾರ ಪ್ಲಂಬರ್ ಅಂತ ಬೀಳುತ್ತಾನೆ. ಅಂಥವರನ್ನು ಗುರುತು ಹಿಡಿದರೆ ಹಿಡಿದವರು ಬೇರೆ ಯಾರಿಗಾದರೂ ಮೂರು ಗುಟುಕು ಕುಡಿಸಬಹುದು. ಈ ನಿಯಮ ಬಂದ ಮೇಲೆ ನಾವು ಆ ಜನರನ್ನು ನೆನಪಿಟ್ಟುಕೊಳ್ಳತೊಡಗಿದೆವು. ಹಳದಿ ಅಂಗಿಯ ಉದ್ದ ಕಾಲಿನವನು. ಬೀಳುವಾಗ ಕನ್ನಡಕ ಹಿಡಿದುಕೊಳ್ಳುವ ಹೆಂಗಸು. ಬಿದ್ದ ಮೇಲೂ ಚೆಂಡು ಬಿಡದವನು. ಅವರು ಟಿವಿಗೆ ಬಂದರೆ ನಮಗೆ ಪರಿಚಯದವರು ಬಂದಷ್ಟು ಖುಷಿ.

ಓದು ಮುಗಿಸಿ ಬೆಂಗಳೂರಿಗೆ ವಾಪಸ್ ಬಂದಾಗ ಇಲ್ಲಿ ಅದೇ ಕೋಟೆ, ಅದೇ ಕೆರೆ, ಬೇರೆ ದನಿ. ಪೋಗೋದಲ್ಲಿ ಜಾವೇದ್ ಜಾಫ್ರಿಯ ಹಿಂದಿ ನಿರೂಪಣೆ. ಬ್ರಿಟನ್ನಿನಲ್ಲಿ ಕ್ರೇಗ್ ಚಾರ್ಲ್ಸ್ ಮಾಡಿದ ಹಾಗೆ ಇಲ್ಲೂ ಆಟ ಆಟವಾಗಿಯೇ ಇತ್ತು, ಕೋಟೆ ಕೋಟೆಯಾಗಿಯೇ ಇತ್ತು. ನಿರೂಪಕ ಮೇಲೆ ಕೂತು ಹರಟುತ್ತಾನೆ ಅಷ್ಟೆ. ಜಾಫ್ರಿಯ ಹರಟೆಯಲ್ಲಿ ಮುಂಬೈ ಬೀದಿಯ ಮಾತಿತ್ತು, ಹಿಂದಿ ಸಿನಿಮಾ ಇತ್ತು. ಮಕ್ಕಳ ಚಾನೆಲ್ ಆದ್ದರಿಂದ ಕೊಳಕು ಇರಲಿಲ್ಲ. ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ವಾಸಿ. ಬೀಳುವವರ ಮೇಲೆ ಅವನಿಗೆ ಪ್ರೀತಿ ಇದೆ ಅಂತ ದನಿಯಲ್ಲೇ ಗೊತ್ತಾಗುತ್ತದೆ. 2023ರಲ್ಲಿ ಪ್ರೈಮ್ ವಿಡಿಯೋದಲ್ಲಿ ಹೊಸ ತಕೇಶೀಸ್ ಕ್ಯಾಸಲ್ ಬಂದಾಗ ಭುವನ್ ಬಾಮ್ ಹಿಂದಿಯಲ್ಲಿ ಮಾತಾಡಿದರು. ಹೊಸ ತಲೆಮಾರಿಗೆ ಅದು ಹಿಡಿಸಿರಬಹುದು, ನನ್ನ ಕಿವಿ ಇನ್ನೂ ಹಳೆಯದಕ್ಕೇ ಹೊಂದಿಕೊಂಡಿದೆ.

ನಮ್ಮ ಮನೆಯ ಮಕ್ಕಳು ಇದನ್ನು ಕನ್ನಡದಲ್ಲಿ ಕೇಳಲೇ ಇಲ್ಲ ಅನ್ನುವುದು ನನಗೆ ನೋವಿನ ಸಂಗತಿ. ಆಗ ನಮ್ಮಲ್ಲಿ ಡಬ್ಬಿಂಗ್‌ಗೆ ಅಲಿಖಿತ ತಡೆ ಇತ್ತು. ಅರವತ್ತರ ದಶಕದಲ್ಲಿ ಅನಕೃ ಮೊದಲಾದವರು ಕನ್ನಡ ಚಿತ್ರರಂಗ ಉಳಿಯಲಿ ಅಂತ ಹೂಡಿದ ಹೋರಾಟದಿಂದ ಬಂದ ತಡೆ ಅದು. ಅದಕ್ಕೆ ಆಗ ಅರ್ಥ ಇತ್ತು, ನಾನು ಅದನ್ನು ಗೌರವಿಸುತ್ತೇನೆ. ಆದರೆ 2012ರಲ್ಲಿ ಆಮೀರ್ ಖಾನರ ಟಿವಿ ಕಾರ್ಯಕ್ರಮ ಬೇರೆ ಬೇರೆ ಭಾಷೆಗೆ ಹೋದಾಗಲೂ ಕನ್ನಡಕ್ಕೆ ಡಬ್ ಆಗಲಿಲ್ಲ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ, ಅಂದರೆ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸಂಸ್ಥೆ, ಆ ತಡೆಯ ವಿರುದ್ಧ ಆದೇಶ ಕೊಡುವ ಹೊತ್ತಿಗೆ ಪೋಗೋ ನೋಡಿದ ಒಂದು ತಲೆಮಾರು ದೊಡ್ಡದಾಗಿತ್ತು. ಜಪಾನಿಗರು ಬೀಳುವುದನ್ನು ನಮ್ಮ ಮಕ್ಕಳು ಹಿಂದಿಯಲ್ಲಿ ನಕ್ಕು ಕಲಿತರು.

ಅದಕ್ಕೇ ನಾನು ಅಕ್ಕನ ಮಕ್ಕಳ ಜೊತೆ ಇನ್ನೊಂದು ಥರ ಆಡುತ್ತೇನೆ. ಟಿವಿಯ ದನಿ ಪೂರ್ತಿ ಬಂದ್. ಲೋಟದಲ್ಲಿ ಬೆಲ್ಲದ ಪಾನಕ ಅಥವಾ ಮಜ್ಜಿಗೆ. ಸರದಿಯ ಮೇಲೆ ಒಬ್ಬೊಬ್ಬರು ಕನ್ನಡದಲ್ಲಿ ನಿರೂಪಣೆ ಮಾಡಬೇಕು. ತಡವರಿಸಿ ಮಾತು ನಿಲ್ಲಿಸಿದರೆ ಅವರು ಕುಡಿಯಬೇಕು, ಎಲ್ಲರನ್ನೂ ನಗಿಸಿದರೆ ಉಳಿದವರು. ಚಿಕ್ಕವಳು ಓಡುವವರಿಗೆಲ್ಲ ಊರು, ಕೆಲಸ ಕೊಡುತ್ತಾಳೆ. 'ಇವರು ಚನ್ನಪಟ್ಟಣದಲ್ಲಿ ಬೊಂಬೆ ಮಾಡುತ್ತಾರೆ, ಬೆಳಿಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ ಓಡಲು ಆಗ್ತಿಲ್ಲ' ಅನ್ನುತ್ತಾಳೆ. ಬಿದ್ದರೆ 'ಪರವಾಗಿಲ್ಲ ಅಂಕಲ್, ಟವೆಲ್ ತಗೊಳ್ಳಿ' ಅನ್ನುತ್ತಾಳೆ. ಅಮೆರಿಕದ ಬರಹಗಾರರು ವರ್ಷಗಟ್ಟಲೆ ಹುಡುಕಿದ ನೂರಾರು ಜೋಕಿಗಿಂತ ನನಗೆ ಈ ಟವೆಲ್ ಜಾಸ್ತಿ ಇಷ್ಟ.

ಈಗ ನೀವು ಆಡುವುದಾದರೆ ನನ್ನ ಸಲಹೆ ಕೇಳಿ. ಮೊದಲ ದಿನ ಎರಡೇ ಕಂತು ಸಾಕು. ಕಲ್ಲು ದಾಟುವ ಆಟವೋ ಬಾಗಿಲಿಗೆ ನುಗ್ಗುವ ಆಟವೋ ಇರುವ ಕಂತನ್ನೇ ಹುಡುಕಿ. ಮಾತಿನ ನಿಯಮ ಒಂದೇ ಒಂದು ಇಟ್ಟುಕೊಳ್ಳಿ, ಕೊನೆಯ 'ಡೋಂಟ್ ಗೆಟ್ ಎಲಿಮಿನೇಟೆಡ್', ಅದಕ್ಕೂ ಲೋಟ ಖಾಲಿ ಮಾಡಬೇಕಿಲ್ಲ, ಒಂದು ಗುಟುಕು ಸಾಕು. ಉಳಿದ ನಿಯಮಗಳೆಲ್ಲ ಚಿತ್ರದಿಂದ ಬರಲಿ. ಕಂತಿಗೆ ಅರ್ಧ ಲೋಟದ ಗೆರೆ ದಾಟಬೇಡಿ, ಪಕ್ಕದಲ್ಲಿ ನೀರಿನ ತಂಬಿಗೆ, ತಟ್ಟೆ ತುಂಬ ಕಡಲೆಕಾಯಿ ಇಡಿ. ಮನೆಗೆ ಗಾಡಿ ಓಡಿಸಿಕೊಂಡು ಹೋಗುವವರಿಗೆ ಷರಬತ್ತು ಕೊಡಿ, ನಿಯಮ ಅವರಿಗೂ ಅದೇ. ದಡದಲ್ಲಿ ನಿಂತವರನ್ನು ಆರಿಸುವಾಗ ದನಿ ಸ್ವಲ್ಪ ಕಮ್ಮಿ ಮಾಡಿ, ಅವರ ಕಾಲು ನೋಡಿ, ಮುಖ ನೋಡಿ. ಓಡುವ ಮೊದಲು ನಮಸ್ಕಾರ ಮಾಡಿದವರು ಸಿಕ್ಕರೆ ಬೇರೆಯವರು ಬಾಯಿ ತೆರೆಯುವ ಮೊದಲೇ ಇವರು ನಮ್ಮವರು ಅಂತ ಕೂಗಿಬಿಡಿ.